ಹಾಡಿನಲ್ಲಿಲ್ಲದ ಕಾಫಿ

ಟೊರಾಂಟೊದ ಎಸ್ಟೋನಿಯನ್ ಗಾಯನವೃಂದದಲ್ಲಿ ನಿನ್ನೆಯವರೆಗೆ ಉಸಿರಾಡುತ್ತಿದ್ದವಳು ಹಿಲ್ಯಾ ಒಬ್ಬಳೇ. ಉಳಿದ ಕುರ್ಚಿಗಳ ಮೇಲೆ ತೀರಿಕೊಂಡವರ ದನಿ ತುಂಬಿಟ್ಟ ಪೆಟ್ಟಿಗೆಗಳಿವೆ. ಅವಳು ಕೈಯೆತ್ತಿದರೆ ಅವಳಮ್ಮನ ಪೆಟ್ಟಿಗೆಯೂ ಸೇರಿ ಎಲ್ಲವೂ ಹಾಡುತ್ತವೆ.

ಇಂದು ಮೊಮ್ಮಗಳು ಲೀಸ್ ವೃಂದಕ್ಕೆ ಸೇರಿದಳು. ವಿರಾಮದಲ್ಲಿ ಲೋಟ ಚಾಚಿ, "ಅಜ್ಜಿ, 'ಕಾಫಿ ಆರಿಹೋಗ್ತಿದೆ, ಬೇಗ ಕುಡಿ' ಅಂತ ನಮ್ ಭಾಷೇಲಿ ಹೇಗನ್ನೋದು?" ಎಂದಳು.

ಹಿಲ್ಯಾಗೆ ಗೊತ್ತಿರಲಿಲ್ಲ. ಅಮ್ಮ ಅವಳಿಗೆ ಕಲಿಸಿದ್ದು ಎಸ್ಟೋನಿಯನ್ ಹಾಡುಗಳನ್ನಷ್ಟೇ; ಮನೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

"ಇಷ್ಟ್ ಜನ ಇದ್ದಾರೆ, ಒಬ್ರೂ ಕಾಫಿ ಕುಡಿದಿರ್ಲಿಲ್ವಾ? ಮುತ್ತಜ್ಜೀನೇ ಕೇಳು," ಎಂದಳು ಲೀಸ್.

ಹಿಲ್ಯಾ ಅಮ್ಮನ ಪೆಟ್ಟಿಗೆಯ ಮುಂದೆ ನಿಂತು ಅದೇ ಪ್ರಶ್ನೆ ಕೇಳಿ, ಕೈಯೆತ್ತಿದಳು. ಅಮ್ಮ ಉಸಿರೆಳೆದುಕೊಂಡು ತಾಯ್ನಾಡಿನ ಕಾಡುಗಳ ಬಗ್ಗೆ ಸೊಗಸಾಗಿ ಹಾಡತೊಡಗಿದಳು.

ಹಾಡು ಮುಗಿಯುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು.