ತಣ್ಣಗಿರಲಿ

ರಿಪೇರಿಯವನು ಗುಂಡಿ ಒತ್ತಿದ. ಕಂಪ್ಯೂಟರಿನ ಪರದೆ ಬೆಳಗಿತು, ಸದ್ದು ಮಾತ್ರ ಹುಟ್ಟಲಿಲ್ಲ.

"ಆನ್ ಆಯ್ತೇನಪ್ಪಾ?" ಎಂದಳು ಅವಳು.

"ಆಯ್ತಲ್ಲ ಅಕ್ಕಾ. ಹಳೇ ಫ್ಯಾನುಗಳು ಹಿಟ್ಟಿನ ಗಿರಣಿ ಥರ ಕೂಗ್ತಿದ್ವು, ಅದಕ್ಕೇ ನಿಮಗೆ ನಂಬಿಕೆ ಬರ್ತಿಲ್ಲ. ಇನ್ನೊಂದು ಫ್ಯಾನ್ ಹಾಕಿದ್ರೆ ಸಾಕು ಅಂದೆ. ನೀವೇ ವಾಟರ್ ಕೂಲಿಂಗ್ ಬೇಕು ಅಂತ ಹಟ ಹಿಡಿದ್ರಿ."

ಹಟ ಹಿಡಿದದ್ದು ನಿಜ. ವಿಡಿಯೊ ಎಡಿಟಿಂಗ್ ಅವಳ ಕಸುಬು. ಕೆಲಸ ಬಿರುಸಾದಾಗ ಗ್ರಾಫಿಕ್ಸ್ ಕಾರ್ಡು ಕಾದ ಹೆಂಚಾಗುತ್ತಿತ್ತು. ಅದನ್ನು ತಣಿಸಲು ಹೊರಟ ಫ್ಯಾನುಗಳ ಅಬ್ಬರದಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ ಅಮ್ಮನ ಉಬ್ಬಸ ಮುಳುಗಿಹೋಗುತ್ತಿತ್ತು. ಆ ಗೊರಗೊರ ಉಸಿರು ಕಿವಿಗೆ ಬೀಳುತ್ತಿದ್ದರೆ ಮಾತ್ರ ಮಗಳ ಜೀವಕ್ಕೆ ನೆಮ್ಮದಿ. ಅದಕ್ಕೆಂದೇ ಸದ್ದಿಲ್ಲದ ನೀರಿನ ಕೊಳವೆಗಳನ್ನು ಆರಿಸಿದ್ದಳು. "ನನ್ನ ದೆಸೆಯಿಂದ ಯಂತ್ರಕ್ಕೂ ಸ್ನಾನ ಮಾಡಿಸ್ತೀಯೇನೇ?" ಎಂದು ಅಮ್ಮ ಬೆಳಿಗ್ಗೆ ನಕ್ಕಿದ್ದಳು. ತಲೆ ಸವರಿ, "ದೇವರು ನಿನ್ನನ್ನ ತಣ್ಣಗಿಟ್ಟಿರಲಿ" ಎಂದಿದ್ದಳು.

ಈಗ ಮಗಳು ಕಿವಿಗೊಟ್ಟಳು. ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ್ದು ಕೇಳಿತು. ಬಚ್ಚಲಿನ ನಲ್ಲಿಯಿಂದ ಹನಿ ತೊಟ್ಟಿಕ್ಕುವುದೂ ಕೇಳಿತು.

"ಅಮ್ಮಾ," ಎಂದಳು, ದನಿ ಏರಿಸದೆ. ಎದ್ದು ಆ ಕೋಣೆಯ ಬಾಗಿಲತನಕ ನಡೆದಳು.

ಹಿಂದೆ ರಿಪೇರಿಯವನು ಬಗ್ಗಿ, ಕಾರ್ಡಿನ ಬೆನ್ನಿಗೆ ಬೆರಳಿಟ್ಟು ನೋಡಿ ಹಿಗ್ಗಿದ. "ಪೂರ್ತಿ ತಣ್ಣಗಿದೆ ನೋಡಿ ಅಕ್ಕಾ."

"ಆ ಮಾತು ಆಡಬೇಡಪ್ಪಾ," ಎಂದಳು ಅವಳು, ಹೊಸ್ತಿಲಿನ ಈಚೆಗೇ ನಿಂತು.