ಸುಳಿದಾಡುವುದೆಂದರೆ

ಅಟ್ಟದ ಮೇಲೆ ಗೊಟ್ ಗೊಟ್ ಅಂದಿತು. ರಾತ್ರಿ ನೀರು ಕುಡಿಯಲು ಎದ್ದು ಬಂದಿದ್ದ ಸರ್ವಮಂಗಳ ಚೊಂಬನ್ನು ಸದ್ದಾಗದಂತೆ ಕೆಳಗಿಟ್ಟಳು. ಇಲಿಯಾಗಿದ್ದರೆ ಕಾಯಿ ಉರುಳಬೇಕಿತ್ತು. ಇದು ಒಣಗಿದ ಕಾಯಿಯೊಳಗೆ ಕೊಬ್ಬರಿ ಗಿಟುಕು ಆಡುವ ಸದ್ದು. ಯಾರೋ ಒಂದೊಂದೇ ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳ್ಳೆಯದನ್ನು ಆರಿಸುತ್ತಿದ್ದಾರೆ. ಹೊರಗಿನ ಕಳ್ಳನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಅವಳು ಕಂಬದ ಮರೆಗೆ ಸರಿದಳು. ಸ್ವಲ್ಪ ಹೊತ್ತಿಗೆ ಏಣಿಯಿಂದ ಇಳಿದವರು ಮಾವ ಸದಾಶಿವಯ್ಯ. ಹಗಲೆಲ್ಲ ಕೆಮ್ಮಿ, ಎಕ್ಕಡ ಬಡಿದು, ತಾವು ಬರುತ್ತಿರುವುದನ್ನು ದಂಡಿನಶಿವರದ ಅರ್ಧ ಊರಿಗೆ ತಿಳಿಸಿಯೇ ನಡೆಯುವ ಮನುಷ್ಯ ಈಗ ತುದಿಗಾಲಲ್ಲಿದ್ದರು. ಕಿರುಗುಟ್ಟುವ ಮೂರನೇ ಮೆಟ್ಟಿಲನ್ನು ದಾಟಿ ಕಾಲಿಟ್ಟರು, ಮೈಗಂಟಿದ ನಾರು ಕೊಡವಿಕೊಂಡರು, ಹೋಗಿ ಮಲಗಿದರು. ಅಟ್ಟದ ನಡುವೆ ಇರುವುದು ಕೈ ಚಾಚಿ ಕಾಯಿ ದಾಟಿಸಬಹುದಾದಷ್ಟು ಎತ್ತರದ ಒಂದು ಬಿದಿರು ತಟ್ಟಿ. ಈಚೆಗಿನ ರಾಶಿ ಅವರದು. ಆಚೆಗಿನದು ತೀರಿಹೋದ ತಮ್ಮನ ಹೆಂಡತಿ ಗುರುಶಾಂತಮ್ಮನದು. ವರ್ಷಕ್ಕೊಮ್ಮೆ ಆ ರಾಶಿ ಕೊಬ್ಬರಿಯಾಗಿ ತಿಪಟೂರಿಗೆ ಹೋದರೆ ಆಕೆಗೂ ಮಗಳಿಗೂ ಊಟ.

ಬೆಳಿಗ್ಗೆ ಗುರುಶಾಂತಮ್ಮ ಅಟ್ಟ ಹತ್ತಿ ನೋಡಿ, ರಾಶಿ ಮೊಣಕಾಲುದ್ದ ಇಳಿದಿದೆಯೆಂದು ಅಳುತ್ತ ಬಂದಳು. ಎಲ್ಲರಿಗಿಂತ ಜೋರಾಗಿ ಮರುಗಿದವರು ಸದಾಶಿವಯ್ಯನೇ. ಜಗಲಿಗೆ ನಾಲ್ಕು ಜನರನ್ನು ಕರೆಸಿ, ಕೂತಲ್ಲಿಯೇ ಕಳ್ಳನನ್ನೂ ಗೊತ್ತು ಮಾಡಿಬಿಟ್ಟರು: ಕಾಯಿ ಸುಲಿಯುವ ದುರ್ಗಯ್ಯ. ನಿನ್ನೆ ಸಂಜೆ ಕೆಲಸ ಐತಾ ಅಂತ ಕೇಳಲು ಬಂದಿದ್ದೆ, ಅಷ್ಟೇ ಎಂದು ಅವನು ಅಂಗಳದಲ್ಲಿ ಮುದುರಿ ನಿಂತು ಹೇಳುತ್ತಲೇ ಇದ್ದ. ಪೊಲೀಸರ ಹೆಸರು ಬಂದೊಡನೆ ಜಗಲಿಯ ಹತ್ತಿರಕ್ಕೆ ಬಂದು ಅದನ್ನೇ ಮತ್ತೆ ಮೊದಲಿಂದ ಹೇಳಿದ.

ದೂರು ಬರೆಯಲು ಬಿ.ಎ. ಓದಿದ ಸೊಸೆಯನ್ನು ಕರೆದರು. ಸದಾಶಿವಯ್ಯ ಗಂಟಲು ಸರಿಮಾಡಿಕೊಂಡು ಹೇಳಿದರು, "ಸದರಿ ದುರ್ಗಯ್ಯ ನಿನ್ನೆ ರಾತ್ರಿ ನಮ್ಮನೆ ಹತ್ರ ಸುಳಿದಾಡ್ತಿದ್ದುದನ್ನ ನಾನೇ ಕಣ್ಣಾರೆ ಕಂಡಿದೀನಿ."

ಸರ್ವಮಂಗಳ ಪೆನ್ನು ಎತ್ತಿದಳು. "ಸುಳಿದಾಡ್ತಿದ್ದ ಅಂತ ಬರೀಲೋ, ಅಡ್ಡಾಡ್ತಿದ್ದ ಅಂತ ಬರೀಲೋ, ಮಾವ?"

"ಎಲ್ಡೂ ಒಂದೇ ಕಣಮ್ಮ. ಬರಿ."

"ಒಂದೇ ಅಲ್ಲ." ದನಿ ಪಾಠ ಹೇಳುವವಳ ಹಾಗೆ ಬಂತು. "ಅಡ್ಡಾಡೋನು ಯಾರು ಎದುರಾದ್ರೂ ನಿಂತು ಮಾತಾಡ್ತಾನೆ. ಸುಳಿದಾಡೋನು ಎಕ್ಕಡ ಬಿಟ್ಟು ತುದಿಗಾಲಲ್ಲಿ ಬರ್ತಾನೆ. ಕಾಯಿನ ಕಿವಿ ಹತ್ರ ಅಲ್ಲಾಡಿಸಿ ಒಳ್ಳೇದನ್ನೇ ಆರಿಸ್ತಾನೆ. ಏಣಿಯ ಮೂರನೇ ಮೆಟ್ಲು ಕಿರ್ ಅನ್ನುತ್ತೆ ಅಂತ ಅದನ್ನ ದಾಟಿ ಇಳೀತಾನೆ. ದುರ್ಗಯ್ಯ ಹಂಗೆ ಇಳಿದಿದ್ದನ್ನ ನೀವು ಕಂಡ್ರಾ?"

ಪಕ್ಕದ ಮನೆಯ ಮರುಳಪ್ಪ ಕಂಕುಳಲ್ಲಿದ್ದ ಟ್ರಾನ್ಸಿಸ್ಟರ್ ಬಂದ್ ಮಾಡಿ ನಕ್ಕರು. "ನಿಮ್ಮ ಸೊಸೆ ಲಾಯರ್ ಆಗ್ಬೇಕಿತ್ತು ಕಣ್ರೀ."

ಸದಾಶಿವಯ್ಯ ನಗಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಕತ್ತು ಒರೆಸಿಕೊಂಡರು, ಸೊಸೆಯ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ, ಬಡವನ ಮೇಲೆ ಪೊಲೀಸು ಗಿಲೀಸು ಯಾಕೆ ಬುಡಿ ಎಂದು, ಹೋದಷ್ಟು ಕಾಯಿಯನ್ನು ತಮ್ಮ ರಾಶಿಯಿಂದಲೇ ಗುರುಶಾಂತಮ್ಮನಿಗೆ ತುಂಬಿಕೊಡುವುದಾಗಿ ಹೇಳಿದರು. ಜಗಲಿಗೆ ಜಗಲಿಯೇ ಆ ದೊಡ್ಡ ಮನಸ್ಸನ್ನು ಕೊಂಡಾಡಿತು. ಗುರುಶಾಂತಮ್ಮ ಕೈ ಮುಗಿದಳು. ದುರ್ಗಯ್ಯ ಕಾಲಿಗೇ ಬಿದ್ದ. ಸದಾಶಿವಯ್ಯ ಅವನ ಬೆನ್ನು ತಟ್ಟಿ, ಇನ್ನಾದರೂ ನೆಟ್ಟಗಿರು ಎಂದು ಬುದ್ಧಿ ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರು ಕೂಡ ಬಂತು.

ಸಂಜೆ ಕಾಫಿ ಕೊಡಲು ಹೋದಾಗ ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು, ಮಾವ ಮೆಲ್ಲಗೆ ಕೇಳಿದರು. "ಅಷ್ಟೊತ್ನಾಗೆ ಗಂಡನ ಮಗ್ಗುಲು ಬಿಟ್ಟು ಕತ್ಲಲ್ಲಿ ಓಡಾಡೋ ಹೆಂಗಸಿಗೆ ನಿಮ್ಮ ಕಾಲೇಜಲ್ಲಿ ಯಾವ ಪದ ಹೇಳ್ಕೊಟ್ಟವ್ರೆ, ತಾಯಿ?"

ಸರ್ವಮಂಗಳ ಒಳಗೆ ಬಂದಳು. ಊರು ಯಾವ ಪದ ಆರಿಸುತ್ತದೆಂದು ಅವಳಿಗೆ ಗೊತ್ತಿತ್ತು. ಆ ಪದಕ್ಕೆ ಯಾರೂ ಅರ್ಥ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಕಂಡದ್ದನ್ನು ಇನ್ನು ಯಾರಿಗೂ ಹೇಳಬಾರದು, ಗಂಡನಿಗಂತೂ ಹೇಳಲೇಬಾರದು ಅಂದುಕೊಂಡಳು.

ಅಪ್ಪ ಏನೋ ಕೇಳಿದರಲ್ಲ, ಏನದು ಎಂದು ಗಂಡ ಕೋಣೆಯಿಂದಲೇ ವಿಚಾರಿಸಿದ.

"ಕಾಫಿಗೆ ಸಕ್ಕರೆ ಸಾಲದಂತೆ," ಅಂದಳು.