ಎದೆಯ ಮೇಲಿನ ಜೀರುಂಡೆ

ನೈಲ್ ದಂಡೆಯ ಗುಡಾರದಲ್ಲಿ ಗಂಡನ ಹೆಣದ ಎದೆಯ ಮೇಲಿಡಲೆಂದು ಶವ ಕೆಡದಂತೆ ಸಿದ್ಧಪಡಿಸುವ ಪಶೇದ್ ಕೊಟ್ಟ ಹಸಿರುಕಲ್ಲಿನ ಜೀರುಂಡೆ ಸಿತ್ರೆಯ ಅಂಗೈಯಲ್ಲಿತ್ತು. “ಇದರ ಹೊಟ್ಟೆ ಮೇಲೆ ಏನಪ್ಪಾ ಕೆತ್ತಿರೋದು?” ಎಂದಳು.

“ರಕ್ಷೆ ಕಣಮ್ಮಾ. ಒಸಿರಿಸ್ ದೇವರ ಮುಂದೆ ಸತ್ತೋರ ಹೃದಯಾನ ತೂಗ್ತಾರಲ್ಲ, ಆಗ ಅದು ಯಜಮಾನ್ರ ತಪ್ಪುಗಳನ್ನ ಬಾಯಿಬಿಡಬಾರದು ಅಂತ.”

ಸಿತ್ರೆ ಗಂಡನ ಹೆಣದತ್ತ ತಿರುಗಿದಳು. ಎಣ್ಣೆ ಹಚ್ಚಿ ಮಡಿಸಿಟ್ಟ ಆ ಕೈಗಳೇ ಅವಳ ಹಲ್ಲು ಮುರಿದಿದ್ದವು.

“ಥೂ! ಮೆಟ್ಟಿಲಲ್ಲಿ ಜಾರಿಬಿದ್ದೆ ಅಂತ ಇಷ್ಟು ವರ್ಷ ಊರಿಗೆಲ್ಲ ನಾನು ಸುಳ್ಳು ಹೇಳಿದ್ದಾಯ್ತು. ಈಗ ಇವನ ಹೃದಯಕ್ಕೂ ಸುಳ್ಳು ಕಲಿಸ್ಬೇಕಾ?”

“ಅಯ್ಯೋ, ಅದಿಲ್ದಿದ್ರೆ ಯಜಮಾನ್ರಿಗೆ ಗತಿಯಿಲ್ಲಮ್ಮಾ!”

ಪಶೇದ್ ಕೈಚಾಚುವಷ್ಟರಲ್ಲಿ ಸಿತ್ರೆ ಹೊರಗೆ ಹೋಗಿ ಜೀರುಂಡೆಯನ್ನು ಹೊಳೆಗೆ ಎಸೆದಳು. ಹೇಸಿಗೆ ಮೆತ್ತಿಕೊಂಡಂತೆ ಅಂಗೈಯನ್ನು ಮರಳಿಗೆ ತಿಕ್ಕಿದಳು.

“ಇನ್ನು ಹೆಣಕ್ಕೆ ಬಟ್ಟೆ ಸುತ್ತಪ್ಪಾ,” ಎಂದಳು.